ಮೂರು ನೀರು

ಆಡು ಸತ್ತು ಏಳು ವರ್ಷವಾಗಿತ್ತು. ಅದರ ರಕ್ತ ಮಾತ್ರ ಇನ್ನೂ ರಾಜ್ಯವಾಳುತ್ತಿತ್ತು.

ಲ್ಯಾಬಿನ ದಾಖಲೆಯಲ್ಲಿ ಅದು ಆಡು ನಂಬರ್ ನಾಲ್ಕು. ಸೂಜಿಯನ್ನಲ್ಲ, ದಾಕ್ಷಾಯಿಣಿಯ ಬಿಳಿ ಕೋಟನ್ನು ಕಂಡರೇ ಕೊಟ್ಟಿಗೆಯ ಮೂಲೆ ಹಿಡಿಯುತ್ತಿದ್ದ ಬುದ್ಧಿವಂತ ಪ್ರಾಣಿ. ತುಮಕೂರಿನ ಹೊರಗೆ, ಹೆದ್ದಾರಿಗೆ ಬೆನ್ನು ಹಾಕಿ ನಿಂತಿದ್ದ ಮೆದುಳು ಸಂಶೋಧನಾ ಕೇಂದ್ರದಲ್ಲಿ ದಾಕ್ಷಾಯಿಣಿ ಹಿರಿಯ ತಂತ್ರಜ್ಞೆ. ಹನ್ನೊಂದು ವರ್ಷದ ಹಿಂದೆ ಆ ಆಡಿಗೆ ಮೊದಲ ಚುಚ್ಚುಮದ್ದು ಕೊಟ್ಟವಳು ಅವಳೇ, ಆರು ವಾರದ ಮೇಲೆ ಅದರ ರಕ್ತ ತೆಗೆದವಳೂ ಅವಳೇ.

ಚುಚ್ಚಿದ್ದು ಲೆಥಿನ್ ಎಂಬ ಪ್ರೋಟೀನನ್ನು. ಮೆದುಳಿನ ನರಕೋಶಗಳು ಸಾಯಲು ಶುರುವಾದಾಗ ಅದು ಸೋರಿ ರಕ್ತಕ್ಕೆ ಬರುತ್ತದೆ. ಮನುಷ್ಯ ಮೊದಲ ಹೆಸರು ಮರೆಯುವುದಕ್ಕೆ ಹತ್ತು ವರ್ಷ ಮುಂಚೆಯೇ ಬರುತ್ತದೆ. ಆದರೆ ಕೆರೆಗೆ ಬಿದ್ದ ಚಿಟಿಕೆ ಉಪ್ಪಿನಷ್ಟು ಕಡಿಮೆ. ಅದನ್ನು ಹುಡುಕಬೇಕಾದರೆ ಪ್ರತಿಕಾಯ ಬೇಕು. ಹೊರಗಿನ ಪ್ರೋಟೀನೊಂದನ್ನು ಪ್ರಾಣಿಯ ಮೈಗೆ ಸೇರಿಸಿದರೆ, ಅದನ್ನೇ ಗುರುತಿಟ್ಟು ಹಿಡಿಯುವ ಕಣಗಳನ್ನು ಆ ಪ್ರಾಣಿಯ ರಕ್ತ ತಯಾರಿಸುತ್ತದೆ. ಆ ಕಣಗಳೇ ಪ್ರತಿಕಾಯಗಳು. ಅವನ್ನು ಕಾಗದದ ಪಟ್ಟಿಗೆ ಅಂಟಿಸಿ ಮೇಲೆ ಒಂದು ಹನಿ ರಕ್ತ ಬಿಟ್ಟರೆ, ಲೆಥಿನ್ ಇದ್ದಲ್ಲಿ ನೀಲಿ ಗೆರೆ ಮೂಡುತ್ತದೆ. ಯಂತ್ರ ಗೆರೆಯನ್ನು ಓದಿ ಅಂಕಿ ಹೇಳುತ್ತದೆ. ಬೇರೆ ಬೇರೆ ದೇಶಗಳ ಹನ್ನೆರಡು ಪ್ರತಿಕಾಯಗಳು ಸೋತ ಕಡೆ ಆಡು ನಾಲ್ಕರದು ಗೆದ್ದಿತು. ಅದರ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವ ವಿದ್ಯೆಯೂ ಅಷ್ಟರಲ್ಲಿ ಕೈಗೆ ಬಂದದ್ದರಿಂದ, ಕೊಟ್ಟಿಗೆ ಖಾಲಿಯಾದರೂ ಪ್ರತಿಕಾಯಕ್ಕೆ ಕೊರತೆಯಾಗಲಿಲ್ಲ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸರ್ಕಾರದ ಕೈಗೆ ಒಂದು ಅಂಕಿ ಸಿಕ್ಕಿಬಿಟ್ಟಿತು. ಅಂಕಿ ಸಿಕ್ಕ ಮೇಲೆ ಸರ್ಕಾರ ಸುಮ್ಮನಿರುವುದುಂಟೇ? ಮುನ್ಮರೆವು ಕಾಯಿದೆ ಬಂತು. ನಲವತ್ತು ದಾಟಿದವರೆಲ್ಲ ಎರಡು ವರ್ಷಕ್ಕೊಮ್ಮೆ ಬೆರಳು ಚುಚ್ಚಿಸಿಕೊಳ್ಳಬೇಕು. ಅಂಕಿ ಐವತ್ತರೊಳಗೆ ಬಂದರೆ ಬಿಳಿ ಚೀಟಿ, ಮೇಲೆ ಹೋದರೆ ಹಳದಿ. ಹಳದಿ ಚೀಟಿಯವರು ವಾಹನ ಓಡಿಸುವಂತಿಲ್ಲ, ಸಾಕ್ಷಿ ಹೇಳುವಂತಿಲ್ಲ, ಯಾವ ಕಾಗದಕ್ಕೂ ಒಬ್ಬರೇ ಸಹಿ ಹಾಕುವಂತಿಲ್ಲ. ಬಿಳಿ ಚೀಟಿಯವರೊಬ್ಬರ ಜೊತೆಸಹಿ ಬೇಕು.

ಆರು ವರ್ಷದಲ್ಲಿ ಜನ ಇದಕ್ಕೂ ಒಗ್ಗಿಕೊಂಡರು. ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಬೀಗರಾಗುವವರ ಚೀಟಿಯ ಬಣ್ಣ ಕೇಳುವುದನ್ನು ಕಲಿತರು. "ಅವರಾ? ಅವರು ಹಳದಿ" ಎಂದು ದನಿ ತಗ್ಗಿಸುವುದನ್ನು ಕಲಿತರು. ಪಾವಗಡ, ಮಧುಗಿರಿ, ಚಳ್ಳಕೆರೆ ಕಡೆ ಹಳದಿ ಹೆಚ್ಚು, ಬೆಂಗಳೂರಿನ ದೊಡ್ಡ ಬಡಾವಣೆಗಳಲ್ಲಿ ಕಡಿಮೆ. ಏಕೆಂದು ಕೇಳಿದರೆ ಬಲ್ಲವರ ಬಳಿ ಉತ್ತರ ತಯಾರಿತ್ತು: ಆ ಸೀಮೆಯ ನೀರು, ಆ ಬಿಸಿಲು, ಓದುಬರಹವಿಲ್ಲದ ಜನ. ಬಡವರಿಗೆ ಬುದ್ಧಿ ಕಡಿಮೆ ಎಂದು ಯಂತ್ರವೇ ಹೇಳಿದ ಮೇಲೆ ಯಾರಿಗೂ ಆಶ್ಚರ್ಯವಾಗಲಿಲ್ಲ.

ದಾಕ್ಷಾಯಿಣಿಯ ಗಂಡ ಪಂಚಾಕ್ಷರಯ್ಯ ಪಾವಗಡ ಮಾರ್ಗದ ಬಸ್ ಡ್ರೈವರ್. ಇಪ್ಪತ್ತಾರು ವರ್ಷ ಒಂದು ಕೋಳಿಮರಿಯನ್ನೂ ಚಕ್ರದಡಿ ಹಾಕದೆ ಬೆಳ್ಳಿ ಪದಕ ಪಡೆದವನು. ಮೂರು ವರ್ಷದ ಹಿಂದೆ ಅವನ ಅಂಕಿ ಎಂಬತ್ತೆರಡು ಬಂತು.

"ನಿನ್ನ ಆಡೇನಾದ್ರೂ ತಪ್ಪು ಹೇಳ್ತೈತಾ?" ಎಂದು ಹಳದಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತ ಕೇಳಿದ್ದ.

"ಆಡು ತಪ್ಪು ಹೇಳಲ್ಲ ಕಣ್ರೀ," ಎಂದಿದ್ದಳು. ಅಳು ಒತ್ತಿಕೊಂಡು ಬರುತ್ತಿದ್ದರೂ ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಅಂದಿನಿಂದ ಸ್ಕೂಟರಿನ ಕೀ ಅವಳ ಬ್ಯಾಗಿಗೆ ಸೇರಿತು. ಎದುರು ಮನೆಯ ಮರುಳಯ್ಯನನ್ನು ಅವನು ಮೊದಲಿನಿಂದಲೂ ತಪ್ಪಾಗಿ ಬಸವಯ್ಯ ಎಂದೇ ಕರೆಯುತ್ತಿದ್ದವನು. ಈಗ ಹಾಗೆ ಕರೆದಾಗ ಅವಳು ತಿರುಗಿ ನೋಡುತ್ತಿದ್ದಳು. ನೋಡಿದ್ದು ಅವನಿಗೆ ಕಾಣುತ್ತಿತ್ತು. ಹಳದಿಯವರ ಮನೆಯವರಿಗೆಂದು ಕೇಂದ್ರ ಒಂದು ಕೈಪಿಡಿ ಅಚ್ಚು ಹಾಕಿಸಿತ್ತು. ಅದರ ಕರಡು ತಿದ್ದಿದವಳೂ ದಾಕ್ಷಾಯಿಣಿಯೇ. 'ಅವರೊಂದಿಗೆ ವಾದಕ್ಕಿಳಿಯಬೇಡಿ. ಆಯಿತು ಎನ್ನಿ, ಕೂರಿಸಿ. ಜೇಬಿನಲ್ಲಿ ಪುಟ್ಟ ಪುಸ್ತಕ ಇರಲಿ, ಮೊದಲ ಪುಟದಲ್ಲಿ ಮನೆಯ ವಿಳಾಸ ಬರೆಸಿ.' ಅವಳು ಅದನ್ನು ಅಕ್ಷರಶಃ ಪಾಲಿಸಿದಳು. ಪಾವಗಡದವರೆಗಿನ ಪ್ರತಿ ತಿರುವನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯ, ಹಾಲು ತರಲು ಹೊರಟಾಗ ಪುಸ್ತಕ ತೆಗೆದು ಮನೆ ನಂಬರು ಓದಿಕೊಂಡು ಹೋಗುವಂತಾದ.

ಅವನಿಗೆ ಉಳಿದಿದ್ದ ಒಂದೇ ಸುಖ ಊಟ. ಅದರಲ್ಲೂ ಮೊಳಕೆ ಹುರುಳಿಯ ಕಟ್ಟಿನ ಸಾರು ಮತ್ತು ಮುದ್ದೆ. ಅವಳಿಗೆ ಹುರುಳಿ ಆಗದು, ತಿಂದರೆ ಮೈಯೆಲ್ಲ ತುರಿಸುವ ಗಂಧೆ. ಆದರೂ ಅವನಿಗೆಂದು ಮೊದಲು ವಾರಕ್ಕೊಮ್ಮೆ ಮಾಡುತ್ತಿದ್ದದ್ದನ್ನು ಮೂರು ಸಲ ಮಾಡತೊಡಗಿದಳು. ಹಳದಿಯವರಿಗೆ ವರ್ಷ ವರ್ಷವೂ ನಡೆಯುವ ತಪಾಸಣೆಯಲ್ಲಿ ಅಂಕಿ ತೊಂಬತ್ತೇಳಾಯಿತು, ನೂರ ಹದಿನೆಂಟಾಯಿತು. ಏರಿದಾಗಲೆಲ್ಲ ಅವಳು ಒಂದು ಹಿಡಿ ಹೆಚ್ಚಿಗೆ ನೆನೆಹಾಕುತ್ತಿದ್ದಳು.

ಮೂರನೆಯ ವರ್ಷ ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಗಾಯ ಕೀವಾಗಿ ಹದಿನೆಂಟು ದಿನ ಆಸ್ಪತ್ರೆಯಲ್ಲೇ ಗಂಜಿ, ಬ್ರೆಡ್ಡು, ತಿಳಿಸಾರು. ವರ್ಷದ ತಪಾಸಣೆಯ ದಿನವೂ ಅಲ್ಲೇ ಬಂತು. ಅಂಕಿ ಲ್ಯಾಬಿನಲ್ಲಿ ಅವಳ ಮೇಜಿಗೇ ಬಂದು ಬಿತ್ತು: ಒಂಬತ್ತು.

ಲೆಥಿನ್ ಇಳಿಯುವುದಿಲ್ಲ. ಸತ್ತ ಕೋಶ ಎದ್ದು ಕೂರುವುದಿಲ್ಲ. ಹಾಗಾಗಿ ಅಂಕಿ ಇಳಿದರೆ 'ಮಾದರಿ ದೋಷ' ಎಂದು ಬರೆದು ಹಳೆಯ ಅಂಕಿಯನ್ನೇ ಉಳಿಸಬೇಕೆಂಬುದು ನಿಯಮ. ಆರು ವರ್ಷದಲ್ಲಿ ಅವಳು ಆ ಎರಡು ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದಳೋ. ಈ ಸಲ ಪೆನ್ನು ಏಳಲಿಲ್ಲ. ಆಸ್ಪತ್ರೆಗೆ ಹೋಗಿ ತಾನೇ ಅವನ ಬೆರಳು ಚುಚ್ಚಿ ತಂದಳು. ಏಳು ಬಂತು.

ಮನೆಗೆ ಬಂದ ದಿನವೇ ಅವನು, "ಲೇ, ಬಾಯೆಲ್ಲ ಸಪ್ಪೆ ಹೊಡ್ದೈತೆ. ಹುರುಳಿ ಸಾರು ಮಾಡೇ," ಎಂದ. ಮಾಡಿದಳು. ನಾಲ್ಕು ದಿನಕ್ಕೆ ನಲವತ್ತೊಂದು. ಹತ್ತು ದಿನಕ್ಕೆ ತೊಂಬತ್ತಾರು.

ಹನ್ನೊಂದನೆಯ ದಿನ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಚಮಚ ಸಾರನ್ನು ಲ್ಯಾಬಿಗೆ ಒಯ್ದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ಒಂದು ಹನಿಯನ್ನು ಉಪ್ಪುನೀರಿನಲ್ಲಿ ತೆಳುಮಾಡಿ ಪಟ್ಟಿಯ ಮೇಲೆ ಬಿಟ್ಟಳು. ಗೆರೆ ಮೂಡಿತು. ಮನುಷ್ಯರ ರಕ್ತದಲ್ಲಿ ಅಷ್ಟು ಗಾಢವಾದ ನೀಲಿಯನ್ನು ಅವಳು ಕಂಡಿರಲಿಲ್ಲ. ಯಂತ್ರ ನಾನೂರರ ಮೇಲೆ ಹೋಗಿ ಅಂಕಿ ಹೇಳುವುದನ್ನೇ ನಿಲ್ಲಿಸಿತು. ಕಾಯಿದೆಯ ಪ್ರಕಾರ ಆ ಸಾರು ತನ್ನ ಹೆಸರನ್ನೂ ಮರೆತು ಕೂರಬೇಕಿತ್ತು.

ದಾಕ್ಷಾಯಿಣಿ ಸ್ಟೂಲು ಎಳೆದು ಕೂತಳು. ನೆನಪಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆಡಿಗೆ ಚುಚ್ಚುವ ಲೆಥಿನ್ ಶುದ್ಧವಾಗಿರಬೇಕು. ದಾನವಾಗಿ ಬಂದ ಮೆದುಳಿನಲ್ಲಿ ಅದರ ಜೊತೆ ಸಾವಿರ ಬೇರೆ ಪ್ರೋಟೀನುಗಳಿರುತ್ತವೆ. ಅವನ್ನು ಬೇರ್ಪಡಿಸುವ ಸಾಮಾನು ಹೊರದೇಶದಿಂದ ಬರಬೇಕಿತ್ತು, ಬರಲಿಲ್ಲ. ಆಗ ನಿರ್ದೇಶಕ ಡಾ. ಗುರುಪ್ರಸನ್ನ ಒಂದು ಉಪಾಯ ಮಾಡಿದ್ದರು. ಹುರುಳಿಕಾಳಿನಲ್ಲಿ ಒಂದು ಪ್ರೋಟೀನಿದೆ, ಕೆಲವು ಬಗೆಯ ಸಕ್ಕರೆ ಕಂಡರೆ ಹಿಡಿದು ಬಿಡುವುದಿಲ್ಲ. ಲೆಥಿನ್ನಿಗೆ ಅಂಥ ಸಕ್ಕರೆಯ ಬಾಲವಿದೆ. ಗಾಜಿನ ಕೊಳವೆಯಲ್ಲಿ ಸಣ್ಣ ಮಣಿ ತುಂಬಿ, ಮಣಿಗೆ ಹುರುಳಿಯ ಪ್ರೋಟೀನು ಅಂಟಿಸಿದರೆ, ಲೆಥಿನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಹರಿದುಹೋಗುತ್ತದೆ. ಸಾಲಿಗ್ರಾಮದಂತೆ ಕಾಪಾಡಿದ ಆ ಕೊಳವೆಗೆ ಮುಂದೆ ಸ್ವದೇಶಿ ತಂತ್ರಜ್ಞಾನದ ಬಹುಮಾನವೂ ಬಂತು. ಅದಕ್ಕೆ ಬೇಕಾದ ಎರಡು ಕಿಲೋ ಹುರುಳಿ ಹೋದದ್ದು ದಾಕ್ಷಾಯಿಣಿಯ ಅಡುಗೆಮನೆಯ ಡಬ್ಬದಿಂದ.

ಕೊಳವೆಯನ್ನು ಬಳಸುವ ಮೊದಲು ಹತ್ತು ಸಲ ತೊಳೆಯಬೇಕು. ಸರಿಯಾಗಿ ಅಂಟದೆ ಉಳಿದ ಹುರುಳಿ ಪ್ರೋಟೀನು ಆಗ ಹೊರಟುಹೋಗುತ್ತದೆ. ಲ್ಯಾಬಿನ ಹೆಂಗಸರು ಇದನ್ನು ಹತ್ತು ನೀರು ಎನ್ನುತ್ತಿದ್ದರು. ಆಡಿಗೆಂದು ಲೆಥಿನ್ ತೆಗೆದ ದಿನ ಮಧ್ಯಾಹ್ನ ದೆಹಲಿಯಿಂದ ತಪಾಸಣೆಯವರು ಬರುವವರಿದ್ದರು. ಮೂರು ನೀರು ಮುಗಿಯುವಷ್ಟರಲ್ಲಿ ಗುರುಪ್ರಸನ್ನ ಬಂದು, "ಸಾಕು ಬಿಡಮ್ಮ, ಅನ್ನಕ್ಕೆ ಅಕ್ಕಿ ತೊಳೆಯೋಕೂ ಮೂರೇ ನೀರು," ಎಂದಿದ್ದರು. ಎಲ್ಲರೂ ನಕ್ಕಿದ್ದರು. ದಾಕ್ಷಾಯಿಣಿಯೂ ನಕ್ಕು ಕೊಳವೆಯ ನಲ್ಲಿ ತಿರುಗಿಸಿದ್ದಳು. ದಾಖಲೆ ಪುಸ್ತಕದಲ್ಲಿ 'ಹತ್ತು ಸಲ ತೊಳೆಯಲಾಗಿದೆ' ಎಂದು ಅವಳ ಕೈಬರಹದಲ್ಲಿ ಬೆಳಿಗ್ಗೆಯೇ ಬರೆದಾಗಿತ್ತು. ಮಾಡಬೇಕಾದ ಕೆಲಸವನ್ನು ಬೆಳಿಗ್ಗೆಯೇ ಪುಸ್ತಕದಲ್ಲಿ ತುಂಬಿಸಿಟ್ಟು ಆಮೇಲೆ ಮಾಡುವುದು ಆ ಲ್ಯಾಬಿನ ರೂಢಿ. ಸಂಜೆ ತಿದ್ದಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಹೀಗೆ ಆಡು ನಾಲ್ಕರ ಮೈಗೆ ಲೆಥಿನ್ ಜೊತೆ ಹುರುಳಿಯೂ ಹೋಯಿತು. ಅದರ ರಕ್ತ ಎರಡನ್ನೂ ಹಿಡಿಯಲು ಕಲಿಯಿತು. ಹುರುಳಿ ಬೆಂದರೂ, ಅರಗಿದರೂ ಆ ಪ್ರೋಟೀನಿನ ಚೂರುಗಳು ಅಷ್ಟಿಷ್ಟು ರಕ್ತಕ್ಕೆ ಇಳಿಯುತ್ತವೆ. ಕೆರೆಯಲ್ಲಿ ಚಿಟಿಕೆ ಉಪ್ಪು ಹುಡುಕುವ ಪಟ್ಟಿಗೆ ಅಷ್ಟು ಸಾಕು. ಮೊದಲೇ ಏಕೆ ಗೊತ್ತಾಗಲಿಲ್ಲವೆಂದರೆ, ಆರೋಗ್ಯವಂತರ ರಕ್ತವೆಂದು ಹೋಲಿಸಲು ತೆಗೆದುಕೊಂಡದ್ದು ಕೇಂದ್ರದ ಹಾಸ್ಟೆಲಿನ ಇನ್ನೂರು ಮಂದಿಯದು. ಅಲ್ಲಿ ದಿನಾ ತೊಗರಿಬೇಳೆ ಸಾರು, ಶುಕ್ರವಾರ ಪನೀರು. ಹುರುಳಿ ಆ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಪಾವಗಡ, ಮಧುಗಿರಿ ಕಡೆಯ ಬಡವರಿಗೆ ಅದೇ ನಿತ್ಯದ ಊಟ.

ಗುರುಪ್ರಸನ್ನರು ಎಲ್ಲವನ್ನೂ ಕೇಳಿಸಿಕೊಂಡರು. ಒಳ್ಳೆಯ ಕೇಳುಗರು. ಆಮೇಲೆ ಬೀರುವಿನಿಂದ ಹಳೆಯ ದಾಖಲೆ ಪುಸ್ತಕ ತೆಗೆಸಿ ಮೇಜಿನ ಮೇಲಿಟ್ಟರು.

"ಇದು ಯಾರ ಅಕ್ಷರ ದಾಕ್ಷಾಯಿಣಿಯವರೇ?"

"ನಂದೇ ಸರ್."

"ಹತ್ತು ಸಲ ತೊಳೆದಿದೆ ಅಂತ ಬರೆದಿದೀರಿ. ಕೆಳಗೆ ಸಹಿ ಇದೆ. ಈಗ ಮೂರು ಅಂತೀರಿ. ಯಾವುದನ್ನ ನಂಬಲಿ?"

"ನೀವೇ ಸಾಕು ಅಂದ್ರಲ್ಲ ಸರ್. ಅಕ್ಕಿ ತೊಳೆಯೋ ಮಾತು ಆಡಿದ್ರಲ್ಲ."

"ಹನ್ನೊಂದು ವರ್ಷದ ಹಿಂದಿನ ಮಾತು. ನನಗೆ ನೆನಪಿಲ್ಲ," ಎಂದು ಅವರು ಪುಸ್ತಕ ಮುಚ್ಚಿದರು. ನೆನಪಿಲ್ಲವೆಂದು ನಿರ್ಭಯವಾಗಿ ಹೇಳಬಲ್ಲವರು ರಾಜ್ಯದಲ್ಲಿ ಅವರಂಥ ಕೆಲವರೇ ಇದ್ದರು. "ಸಾರಿನಲ್ಲಿ ಹುಣಸೆ ಇರುತ್ತೆ, ಖಾರ ಇರುತ್ತೆ. ಹುಳಿಗೆ ಪಟ್ಟಿ ಕೆಡುತ್ತೆ. ನಿಮ್ಮ ಯಜಮಾನರದ್ದು ಒಬ್ಬರದೇ ಕೇಸು, ಅದೂ ಹಳದಿ. ಹುರುಳಿ ತಿಂದೇ ಅಂಕಿ ಏರುತ್ತೆ ಅನ್ನೋದಕ್ಕೆ ಬಿಳಿ ಚೀಟಿಯವರ ರಕ್ತದಲ್ಲಿ ತೋರಿಸಿ. ನೋಡೋಣ."

ಅವಳು ಅದನ್ನು ಸವಾಲೆಂದುಕೊಂಡಳು, ಅಲ್ಲೇ ತಪ್ಪಿದಳು. ಅವಳಲ್ಲಿ ಬಿಳಿ ಚೀಟಿಯಿತ್ತು, ಅಂಕಿ ಮೂರು. ಮನೆಗೆ ಬಂದು ಹುರುಳಿ ನೆನೆಹಾಕಿದಳು. ಎರಡು ಹೊತ್ತೂ ಸಾರು, ಬೆಳಿಗ್ಗೆ ಮೊಳಕೆ ಹುರುಳಿಯ ಕೋಸಂಬರಿ. ಮೈಯೆಲ್ಲ ಗಂಧೆ ಎದ್ದು ಸೀರೆ ಸೋಕಿದರೆ ಉರಿಯುತ್ತಿತ್ತು. "ಆಗದಿದ್ದದ್ದನ್ನ ಯಾಕೆ ತಿಂತೀಯ?" ಎಂದು ಪಂಚಾಕ್ಷರಯ್ಯ ಕೇಳಿದರೆ, "ನಿಮಗೋಸ್ಕರ," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡ.

ಪ್ರತಿದಿನ ಲ್ಯಾಬಿನಲ್ಲಿ ತನ್ನ ಬೆರಳು ಚುಚ್ಚಿ, ಯಂತ್ರಕ್ಕೆ ತನ್ನ ಹೆಸರನ್ನೇ ಕೊಟ್ಟು ಓದಿಸಿದಳು. ಹೆಸರಿಲ್ಲದೆ ಓದಿಸಿದ್ದಕ್ಕೆ ಬೆಲೆಯಿಲ್ಲ, ಹೆಸರು ಕೊಟ್ಟು ಓದಿಸಿದ್ದೆಲ್ಲ ಅದೇ ಕ್ಷಣ ರಾಜ್ಯದ ದಾಖಲೆಗೆ ಹೋಗುತ್ತಿತ್ತು. ಹೋಗಲಿ, ಯಾರೂ ತಿದ್ದಲಾಗದ ಸಾಕ್ಷಿಯಾಗುತ್ತದೆ ಎಂದೇ ಅವಳ ಎಣಿಕೆ. ಒಮ್ಮೆ ಸುಳ್ಳು ದಾಖಲೆ ಬರೆದವಳಿಗೆ ಈ ಸಲ ಎಲ್ಲವೂ ಸಾಚಾ ಇರಬೇಕೆಂಬ ಹಟವಿತ್ತು. ಮೂರು, ಹದಿನಾಲ್ಕು, ಮೂವತ್ತು, ನಲವತ್ತಾರು. ಹದಿನಾಲ್ಕನೆಯ ದಿನ ಅರವತ್ತಮೂರು. ಅವಳ ಕಣ್ಣಲ್ಲಿ ಸಂತೋಷದ ನೀರು ಬಂತು. ಮೂರು ವರ್ಷದಲ್ಲಿ ಮೊದಲ ಸಲ.

ನೀರು ಒರೆಸಿಕೊಳ್ಳುವ ಮೊದಲೇ ಮೊಬೈಲ್ ಸದ್ದು ಮಾಡಿತು. ತಾವು ಇಂದಿನಿಂದ ಹಳದಿ ವರ್ಗಕ್ಕೆ ಸೇರಿದ್ದೀರಿ, ಚೀಟಿಯನ್ನು ನಿಮ್ಮ ಕಚೇರಿಯಲ್ಲೇ ಪಡೆಯಿರಿ ಎಂದಿತ್ತು.

ಚೀಟಿ ಗುರುಪ್ರಸನ್ನರ ಮೇಜಿನ ಮೇಲೇ ಇತ್ತು. ದಾಕ್ಷಾಯಿಣಿ ಹದಿನಾಲ್ಕು ದಿನದ ಅಂಕಿಗಳನ್ನೂ, ತಿಂದದ್ದರ ವಿವರವನ್ನೂ, ತಪ್ಪೊಪ್ಪಿಗೆಯನ್ನೂ ನಾಲ್ಕು ಹಾಳೆಯಲ್ಲಿ ಬರೆದು ತಂದಿದ್ದಳು. ಅವರು ಓದಲಿಲ್ಲ. ಕೊನೆಯ ಹಾಳೆಯ ಸಹಿಯ ಜಾಗ ಮಾತ್ರ ನೋಡಿದರು.

"ಇದಕ್ಕೆ ಜೊತೆಸಹಿ ಬೇಕಲ್ಲಮ್ಮ ಈಗ. ಯಜಮಾನರದ್ದು ನಡೆಯಲ್ಲ, ಅವರೂ ಹಳದಿ."

"ಹುರುಳಿ ಬಿಟ್ಟು ಮತ್ತೆ ಚುಚ್ಚಿಸ್ಕೋತೀನಿ ಸರ್. ಇಳಿಯುತ್ತೆ."

"ಇಳಿದರೆ ಮಾದರಿ ದೋಷ ಅಂತ ಬರೀತಾರೆ. ನಿಯಮ ನಿಮಗೆ ಗೊತ್ತಲ್ಲ, ನೀವೇ ಟೈಪ್ ಮಾಡಿದ್ದು."

"ಹಾಗಾದ್ರೆ ನೀವು ಜೊತೆಸಹಿ ಹಾಕಿ."

ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. ದನಿ ತಗ್ಗಿಸಿ, "ಮೂವತ್ತೊಂದು ಲಕ್ಷ ಜನ ಹಳದಿ," ಎಂದರು. "ಅದರಲ್ಲಿ ನಿಜವಾದ ರೋಗಿ ಯಾರು, ಸಾರು ತಿಂದವರು ಯಾರು? ಕೆಲಸ ಹೋದವರು, ಮದುವೆ ಮುರಿದವರು, ನೇಣು ಹಾಕಿಕೊಂಡವರು. ಯಾರ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅಂತೀರಿ? ಮೊದಲು ನಿಮ್ಮನ್ನೇ ಹಿಡೀತಾರೆ. ಅಕ್ಷರ ನಿಮ್ಮದು. ವಿಶ್ರಾಂತಿ ತಗೊಳ್ಳಿ, ಪೆನ್ಷನ್ ನಾನು ಮಾಡಿಸಿಕೊಡ್ತೀನಿ."

ಅವಳು ಹಾಳೆಗಳನ್ನು ಮಡಚಿಕೊಂಡು ಬಾಗಿಲವರೆಗೆ ಹೋದಾಗ ಅವರು ಕರೆದರು.

"ದಾಕ್ಷಾಯಿಣಿಯವರೇ. ಹುರುಳಿ ಬಿಟ್ಟ ಮೇಲೆ ಪೂರ್ತಿ ಇಳಿಯೋಕೆ ಎಷ್ಟು ದಿನ ಬೇಕು?"

"ಹದಿನೆಂಟು ದಿನ ಸರ್."

ಅವರು ಮೇಜಿನ ಕ್ಯಾಲೆಂಡರಿನಲ್ಲಿ ಏನೋ ಎಣಿಸಿ ಒಂದು ತಾರೀಕಿಗೆ ಗುರುತು ಹಾಕಿಕೊಂಡರು. ಮುಂದಿನ ತಿಂಗಳು ಕೇಂದ್ರದ ಸಿಬ್ಬಂದಿಗೆಲ್ಲ ತಪಾಸಣೆ ಇತ್ತು. ನಂಬಿದ್ದಾರೆ, ಮೊದಲ ದಿನವೇ ನಂಬಿದ್ದರು ಎಂದು ದಾಕ್ಷಾಯಿಣಿಗೆ ಆಗ ಖಚಿತವಾಯಿತು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬಯ್ಯಲು ಬಾಯಿ ತೆರೆದರೆ ಹಳದಿಯವಳ ಹುಚ್ಚು ಎನ್ನುತ್ತಾರೆ. ಸುಮ್ಮನೆ ಹೊರಗೆ ಬಂದಳು.

ಉಳಿದದ್ದು ಒಬ್ಬನೇ. ಲೋಕಕ್ಕೆ ಹೇಳಲಾಗದಿದ್ದರೆ ಬೇಡ, ಅವನಿಗೆ ಹೇಳಬೇಕು. ಮೂರು ವರ್ಷದಿಂದ ಸಾಯುತ್ತಿರುವ ಮನುಷ್ಯನಿಗೆ ನೀನು ಸಾಯುತ್ತಿಲ್ಲ ಎಂದು ಹೇಳಿದರೆ ಅಷ್ಟೇ ಸಾಕು. ಬಸ್ಸಿನಲ್ಲಿ ಬರುವಾಗ ಇದೊಂದೇ ಅವಳನ್ನು ಹಿಡಿದು ನಿಲ್ಲಿಸಿತ್ತು.

ಪಂಚಾಕ್ಷರಯ್ಯ ಜಗುಲಿಯಲ್ಲಿ ಹುರುಳಿಯಲ್ಲಿನ ಕಲ್ಲು ಆರಿಸುತ್ತ ಕೂತಿದ್ದ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, ಎದುರು ಕೂತು ಎಲ್ಲವನ್ನೂ ಹೇಳಿದಳು. ಕೊಳವೆ, ಮೂರು ನೀರು, ಆಡು, ಸಾರು, ತನ್ನ ಬೆರಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

"ಹಂಗಾದ್ರೆ ನಂಗೆ ಏನೂ ಆಗಿಲ್ವಾ?"

"ಏನೂ ಇಲ್ಲ. ಯಾವತ್ತೂ ಇರಲಿಲ್ಲ. ನಾನೇ ನಿಮ್ಮನ್ನ ಹಾಳು ಮಾಡಿದೆ."

"ಬಸ್ಸು ಓಡಿಸ್ಬೋದಿತ್ತಾ?"

"ಓಡಿಸಬಹುದಿತ್ತು."

ಅವನು ಮೊರದ ಕಡೆ ನೋಡಿದ. ಆಮೇಲೆ ಅವಳ ಕೈಯಲ್ಲಿದ್ದ ಹಳದಿ ಚೀಟಿಯ ಕಡೆ ನೋಡಿದ.

"ಇದು ಯಾರ್ದು?"

"ನಂದು. ಆದ್ರೆ ನನಗೂ ಏನೂ ಇಲ್ಲ ಕಣ್ರೀ, ಅದು ಹುರುಳಿ..."

"ಆಯ್ತು," ಎಂದ ಪಂಚಾಕ್ಷರಯ್ಯ. "ಆಯ್ತು ಆಯ್ತು. ನೆಟ್ಟಗೆ ಕೂತ್ಕ ಮೊದ್ಲು."

ಆ ದನಿ ದಾಕ್ಷಾಯಿಣಿಗೆ ಗೊತ್ತಿತ್ತು. ಮೂರು ವರ್ಷ ಅವಳೇ ಅವನ ಮೇಲೆ ಬಳಸಿದ ದನಿ ಅದು. ವಾದಕ್ಕಿಳಿಯಬೇಡಿ, ಆಯಿತು ಎನ್ನಿ, ಕೂರಿಸಿ.

"ನಂಗೂ ಮೊದಲ್ನೇ ತಿಂಗ್ಳೆಲ್ಲ ಹಿಂಗೇ ಅನ್ಸದು," ಎಂದು ಅವನು ಅವಳ ಗಂಧೆ ಎದ್ದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಯಂತ್ರ ತಪ್ಪು, ಆಡು ತಪ್ಪು ಅಂತ ಒಬ್ನೇ ಏನೇನೋ ಕಟ್ಕಂತಿದ್ದೆ. ನೀನಲ್ವಾ ಸಮಾಧಾನ ಮಾಡಿದ್ದು? ಆಡು ತಪ್ಪು ಹೇಳಲ್ಲ ಅಂದಿದ್ದೆ ನೋಡು. ಹೆದ್ರಬ್ಯಾಡ. ನಾನಿದೀನಿ."

ಒಳಗೆ ಹೋಗಿ ಒಂದು ಹೊಸ ಪುಟ್ಟ ಪುಸ್ತಕ, ಪೆನ್ನು ತಂದ. "ಅಂಗಡಿಯಿಂದ ಎರಡು ತಂದಿಟ್ಟಿದ್ದೆ, ಬೇಕಾಯ್ತದೆ ಅಂತ. ಮೊದಲ್ನೇ ಪುಟದಾಗೆ ಮನೆ ವಿಳಾಸ ಬರ್ಕ."

ದಾಕ್ಷಾಯಿಣಿ ಪೆನ್ನು ಹಿಡಿದಳು. ಹೇಳುವುದನ್ನೆಲ್ಲ ಹೇಳಿ ಆಗಿತ್ತು. ಮೊದಲ ಪುಟದಲ್ಲಿ ಸ್ಪಷ್ಟವಾಗಿ, ಹನ್ನೊಂದು ವರ್ಷದ ಹಿಂದಿನ ಆ ತಾರೀಕು ಹಾಕಿ, 'ತೊಳೆದದ್ದು ಹತ್ತು ನೀರಲ್ಲ, ಮೂರು' ಎಂದು ಬರೆದಳು.

ಅವನು ಕನ್ನಡಕ ಹಾಕಿಕೊಂಡು ಓದಿದ. "ಇದಲ್ಲ ಕಣೇ," ಎಂದು ಮೆತ್ತಗೆ ಹೇಳಿ ಪೆನ್ನು ಇಸಿದುಕೊಂಡ. ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಕೆಳಗೆ ತಾನೇ ವಿಳಾಸ ಬರೆದುಕೊಟ್ಟ. ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಪಿನ್ ಕೋಡು, ಮೇಲಿನ ಮನೆಯವರ ಫೋನ್ ನಂಬರು. ತನ್ನ ಪುಸ್ತಕ ತೆಗೆದು ನೋಡಲಿಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ.